ಯಜಮಾನಿ ತೀರಿಕೊಂಡರೆ ಮನೆಯೇ ಮಾಯ: ಪೇರೆಂಟ್–ಚೈಲ್ಡ್ ಟೇಬಲ್‌ಗಳನ್ನು ಕೋಡ್‌ಗೆ ಇಳಿಸುವಾಗ ಎಲ್ಲಿ ಎಡವುತ್ತೇವೆ?

"ಅಣ್ಣಾ, ನಮ್ಮತ್ತೆ ತೀರ್ಕೊಂಡು ಮೂರು ತಿಂಗ್ಳಾಯ್ತು. ಅವ್ರ ಜೊತೆ ನಮ್ಮನ್ನೂ ತೀರ್ಸಿಬಿಟ್ರಾ?"

ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಹೆಣ್ಣುಮಗಳು ನನಗೆ ಕೇಳಿದ ಪ್ರಶ್ನೆ ಇದು. ಪಡಿತರ ಚೀಟಿಯ ಇ-ಕೆವೈಸಿ ಬಾಕಿ ಇರುವವರನ್ನು ಹುಡುಕಿ ಶಿಬಿರಕ್ಕೆ ಕರೆತರುವ ಕೆಲಸವನ್ನು ಕೆಲವು ಗೆಳೆಯರು ಮಾಡುತ್ತಿದ್ದರು. ನಾನು ಸಾಫ್ಟ್‌ವೇರ್ ಕೆಲಸದವನು. ಮನೆಮನೆಯ ಪಟ್ಟಿ ಇಟ್ಟುಕೊಳ್ಳಲು ಅವರಿಗೊಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಶಿಬಿರ ನಡೆಯಿತು, ಊರಿನವರೆಲ್ಲ ಬಂದರು. ಈಕೆಯ ಮನೆಯವರನ್ನು ಮಾತ್ರ ಯಾರೂ ಕರೆಯಲಿಲ್ಲ. ನಮ್ಮ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಕೊನೆಗೆ ಎರಡು ದಿನದ ಕೂಲಿ ಬಿಟ್ಟು ತಾಲ್ಲೂಕು ಕೇಂದ್ರಕ್ಕೆ ಅವರೇ ಓಡಾಡಬೇಕಾಯಿತು.

ಹುಡುಕಿದಾಗ ಗೊತ್ತಾಗಿದ್ದಿಷ್ಟು. ಅತ್ತೆ ತೀರಿಕೊಂಡ ಸುದ್ದಿ ಬಂದಾಗ ನಮ್ಮ ಕಾರ್ಯಕರ್ತೆಯೊಬ್ಬರು ಪ್ರೋಗ್ರಾಂ ತೆರೆದು ಅತ್ತೆಯ ಹೆಸರಿನ ಮುಂದಿದ್ದ ‘ಅಳಿಸು’ ಬಟನ್ ಒತ್ತಿದ್ದರು. ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಆದರೆ ಅತ್ತೆಯ ಸಾಲು ಅಳಿದ ಕೂಡಲೇ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಸಾಲುಗಳೂ ಅಳಿದುಹೋದವು. ಹಾಗೆ ಅಳಿಯಲಿ ಅಂತ ಬರೆದವನು ನಾನೇ. ಪರದೆಯ ಮೇಲೆ ಎರರ್ ಬರಲಿಲ್ಲ, ಎಚ್ಚರಿಕೆಯೂ ಬರಲಿಲ್ಲ. ಕಂಪ್ಯೂಟರ್ ನಾನು ಹೇಳಿದ್ದನ್ನು ಚಾಚೂತಪ್ಪದೆ ಮಾಡಿತ್ತು.

ಡೇಟಾಬೇಸ್‌ನಲ್ಲಿ ಯಾರು ‘ಪೇರೆಂಟ್’, ಯಾರು ‘ಚೈಲ್ಡ್’ ಅನ್ನುವುದು ಬರೀ ತಾಂತ್ರಿಕ ವಿಚಾರ ಅಂತ ನಾವು ಅಂದುಕೊಂಡಿರುತ್ತೇವೆ. ಅಸಲಿಗೆ ಅದು ಯಾರ ಅಸ್ತಿತ್ವ ಯಾರ ಮೇಲೆ ನಿಂತಿದೆ ಅನ್ನುವ ತೀರ್ಮಾನ. ಕೋಡ್ ಬರೆಯುವವರಿಗೆ ಮತ್ತು ಕೋಡ್ ಬರೆಯದಿದ್ದರೂ ಇಂಥ ವ್ಯವಸ್ಥೆಗಳನ್ನು ಪ್ರಶ್ನಿಸಬೇಕಾದವರಿಗೆ ಆಗಲಿ ಅಂತ ಈ ವಿಷಯವನ್ನು ರೇಷನ್ ಕಾರ್ಡ್ ಉದಾಹರಣೆ ಹಿಡಿದು ಬುಡದಿಂದ ವಿವರಿಸುತ್ತೇನೆ. ಇಲ್ಲಿ ಬರುವ ಟೇಬಲ್‌ಗಳು ಸರ್ಕಾರದ ಡೇಟಾಬೇಸ್‌ನವಲ್ಲ, ನಾನು ಬರೆದು, ಕೆಡಿಸಿ, ಸರಿಮಾಡಿದವು.

ಪೇರೆಂಟ್ ಟೇಬಲ್, ಚೈಲ್ಡ್ ಟೇಬಲ್ ಅಂದರೇನು?

ಇವತ್ತು ನಾವು ಬಳಸುವ ಟೇಬಲ್ ರೂಪದ ಡೇಟಾಬೇಸ್‌ಗಳಿಗೆ ತಳಹದಿ ಹಾಕಿದ್ದು ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ. ಮಾಹಿತಿಯನ್ನು ಸಾಲು-ಕಾಲಂಗಳ ಟೇಬಲ್‌ಗಳಲ್ಲಿ ಇಡಿ, ಒಂದು ಟೇಬಲ್‌ಗೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಅವುಗಳಲ್ಲಿರುವ ಮೌಲ್ಯಗಳಿಂದಲೇ ಹೇಳಿ ಅನ್ನುವುದು ಅದರ ತಿರುಳು.

ಒಂದು ಮನೆಗೆ ಒಂದು ಕಾರ್ಡ್, ಒಂದು ಕಾರ್ಡಿನಲ್ಲಿ ಹಲವು ಸದಸ್ಯರು. ಇದನ್ನು ಎರಡು ಟೇಬಲ್ ಮಾಡುತ್ತೇವೆ.

ಕುಟುಂಬ ಟೇಬಲ್:
ಕುಟುಂಬ ಸಂಖ್ಯೆ 101 | ಕಾರ್ಡ್ ಬಗೆ: ಆದ್ಯತಾ
ಕುಟುಂಬ ಸಂಖ್ಯೆ 102 | ಕಾರ್ಡ್ ಬಗೆ: ಅಂತ್ಯೋದಯ

ಸದಸ್ಯ ಟೇಬಲ್:
ಸದಸ್ಯ ಸಂಖ್ಯೆ 1 | ಅತ್ತೆ | ಕುಟುಂಬ ಸಂಖ್ಯೆ 101
ಸದಸ್ಯ ಸಂಖ್ಯೆ 2 | ಮಗ | ಕುಟುಂಬ ಸಂಖ್ಯೆ 101
ಸದಸ್ಯ ಸಂಖ್ಯೆ 3 | ಸೊಸೆ | ಕುಟುಂಬ ಸಂಖ್ಯೆ 101

ಪ್ರತಿ ಸಾಲನ್ನೂ ಗುರುತಿಸುವ ಸಂಖ್ಯೆಯೇ ಪ್ರೈಮರಿ ಕೀ. ಸದಸ್ಯರ ಸಾಲಿನ ಕೊನೆಯಲ್ಲಿರುವ ‘ಕುಟುಂಬ ಸಂಖ್ಯೆ’ ಫಾರಿನ್ ಕೀ, ಅಂದರೆ ಬೇರೊಂದು ಟೇಬಲ್‌ನ ಸಾಲಿನತ್ತ ತೋರಿಸುವ ಬೆರಳು. ಯಾವ ಟೇಬಲ್‌ನತ್ತ ಬೆರಳು ತೋರಿಸಲಾಗಿದೆಯೋ ಅದು ಪೇರೆಂಟ್, ಬೆರಳು ತೋರಿಸುತ್ತಿರುವುದು ಚೈಲ್ಡ್. 101 ಅನ್ನುವ ಕುಟುಂಬವೇ ಇಲ್ಲದೆ 101ರ ಸದಸ್ಯರನ್ನು ಸೇರಿಸಲು ಹೋದರೆ ಡೇಟಾಬೇಸ್ ಬಿಡುವುದಿಲ್ಲ. ಸುಳ್ಳು ಸಂಬಂಧ ಒಳಗೆ ಬರದಂತೆ ಕಾಯುವ ಈ ಕಾವಲುಗಾರನನ್ನು ಕನ್‌ಸ್ಟ್ರೇಂಟ್ ಅನ್ನುತ್ತೇವೆ. ಒಂದು ಎಚ್ಚರ: ಮೊಬೈಲ್ ಆ್ಯಪ್‌ಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಕ್ಯೂಲೈಟ್‌ನಲ್ಲಿ ಈ ಕಾವಲು ಮಾಮೂಲಾಗಿ ನಿದ್ದೆಯಲ್ಲಿರುತ್ತದೆ. ಪ್ರತಿ ಕನೆಕ್ಷನ್‌ನಲ್ಲೂ ಅದನ್ನು ನಾವೇ ಎಬ್ಬಿಸಬೇಕು.

ಕೋಡ್‌ನ ಲೋಕದಲ್ಲಿ ಬೆರಳು ಉಲ್ಟಾ

ಪ್ರೋಗ್ರಾಂ ಬರೆಯುವವರು ಸಾಲು, ಕಾಲಂ ಅಂತ ಯೋಚಿಸುವುದಿಲ್ಲ, ಆಬ್ಜೆಕ್ಟ್‌ಗಳಲ್ಲಿ ಯೋಚಿಸುತ್ತಾರೆ. ‘ಕುಟುಂಬ’ ಒಂದು ಕ್ಲಾಸ್. 101ನೇ ಮನೆ ಆ ಕ್ಲಾಸಿನ ಒಂದು ಆಬ್ಜೆಕ್ಟ್. ಅದರೊಳಗೆ ‘ಸದಸ್ಯರು’ ಅನ್ನುವ ಪಟ್ಟಿ. ಮನೆಯ ಬಾಗಿಲು ತೆರೆದರೆ ಒಳಗಿರುವವರೆಲ್ಲ ಕಾಣಬೇಕು, ಅಷ್ಟೇ.

ವ್ಯತ್ಯಾಸ ಗಮನಿಸಿ. ಟೇಬಲ್‌ನಲ್ಲಿ ಮಗು ತಾಯಿಯತ್ತ ಬೆರಳು ತೋರಿಸುತ್ತದೆ, ತಾಯಿಯ ಸಾಲಿನಲ್ಲಿ ಮಕ್ಕಳ ಪಟ್ಟಿ ಇರುವುದೇ ಇಲ್ಲ. ಆಬ್ಜೆಕ್ಟ್‌ನಲ್ಲಿ ತಾಯಿಯ ಕೈಯಲ್ಲೇ ಮಕ್ಕಳ ಪಟ್ಟಿ ಇರುತ್ತದೆ. ಒಂದೇ ಸಂಬಂಧ, ಎರಡು ದಿಕ್ಕು. ಈ ಎರಡು ಲೋಕಗಳ ನಡುವೆ ದುಭಾಷಿ ಕೆಲಸ ಮಾಡುವ ತಂತ್ರಾಂಶವೇ ಒಆರ್‌ಎಂ, ಆಬ್ಜೆಕ್ಟ್–ರಿಲೇಷನಲ್ ಮ್ಯಾಪರ್. ಜಾವಾದಲ್ಲಿ 2001ರಲ್ಲಿ ಶುರುವಾದ ಹೈಬರ್ನೇಟ್, ಪೈಥಾನ್‌ನಲ್ಲಿ ಎಸ್‌ಕ್ಯೂಎಲ್‌ಆಲ್ಕೆಮಿ, ಜಾಂಗೋದೊಳಗೇ ಬರುವ ಒಆರ್‌ಎಂ ಇವೆಲ್ಲ ಮಾಡುವುದು ಇದನ್ನೇ.

ದುಭಾಷಿ ಎಡವುವ ಮೊದಲ ಜಾಗ ಇದೇ. ನೀವು ಕೋಡ್‌ನಲ್ಲಿ ಕುಟುಂಬದ ಪಟ್ಟಿಗೆ ಹೊಸ ಸದಸ್ಯೆಯನ್ನು ಸೇರಿಸಿದಿರಿ, ಆದರೆ ಆಕೆಯ ಆಬ್ಜೆಕ್ಟ್‌ನಲ್ಲಿ ‘ನನ್ನ ಕುಟುಂಬ ಇದು’ ಅಂತ ತುಂಬಲಿಲ್ಲ ಅಂದುಕೊಳ್ಳಿ. ಹೈಬರ್ನೇಟ್‌ನಲ್ಲಿ ಎರಡೂ ಕಡೆಯಿಂದ ಸಂಬಂಧ ಹೇಳಿದ್ದರೆ, ಫಾರಿನ್ ಕೀ ಇರುವ ಕಡೆಯನ್ನೇ, ಅಂದರೆ ಮಗುವಿನ ಕಡೆಯನ್ನೇ, ಸಂಬಂಧದ ‘ಒಡೆಯ’ ಅಂತ ಪರಿಗಣಿಸುವುದು ರೂಢಿ. ಡೇಟಾಬೇಸ್‌ಗೆ ಹೋಗುವುದು ಒಡೆಯನ ಕಡೆ ಬರೆದಿದ್ದು ಮಾತ್ರ. ಪರದೆಯ ಮೇಲೆ ಹೆಸರು ಕಾಣುತ್ತದೆ, ಮಾರನೇ ದಿನ ತೆರೆದರೆ ಇರುವುದಿಲ್ಲ. ‘ನೆನ್ನೆ ಸೇರ್ಸಿದ್ವಲ್ಲ ಮೇಡಂ’ ಅಂತ ಜನ ಅಂದರೆ ಕೌಂಟರ್‌ನವರು ನಂಬುವುದಿಲ್ಲ. ಇಬ್ಬರ ಮಾತೂ ನಿಜವೇ.

ಪರಿಹಾರ ಸುಲಭ. ಪಟ್ಟಿಯನ್ನು ನೇರವಾಗಿ ಮುಟ್ಟಲು ಯಾರಿಗೂ ಬಿಡಬೇಡಿ. ‘ಸದಸ್ಯರನ್ನು ಸೇರಿಸು’ ಅನ್ನುವ ಒಂದೇ ಮೆಥಡ್ ಬರೆದು, ಎರಡೂ ಕಡೆಯ ಬೆರಳನ್ನು ಅದರೊಳಗೇ ಹೊಂದಿಸಿ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಎರಡು ಕಡೆಯನ್ನೂ ಒಂದಕ್ಕೊಂದು ಜೋಡಿಸಿ ಹೇಳಿದರೆ ಒಂದು ಬದಲಾದಾಗ ಇನ್ನೊಂದನ್ನು ಅದೇ ಬದಲಿಸುತ್ತದೆ.

ನನ್ನ ಮೊದಲ ತಪ್ಪು: ಯಜಮಾನಿಯನ್ನೇ ಪೇರೆಂಟ್ ಮಾಡಿದ್ದು

ಮೇಲೆ ತೋರಿಸಿದ ಟೇಬಲ್ ಸರಿಪಡಿಸಿದ ಮೇಲಿನದು. ನಾನು ಮೊದಲು ಬರೆದಾಗ ‘ಕುಟುಂಬ’ ಅನ್ನುವ ಟೇಬಲ್ಲೇ ಇರಲಿಲ್ಲ. ‘ಯಜಮಾನಿ’ ಅನ್ನುವುದು ಪೇರೆಂಟ್ ಟೇಬಲ್, ಉಳಿದವರು ಅವಳ ಚೈಲ್ಡ್ ಸಾಲುಗಳು. ಕಾರ್ಡಿನ ಮೇಲೆ ಮೊದಲು ಕಾಣುವುದು ಯಜಮಾನಿಯ ಹೆಸರು, ಊರಲ್ಲೂ ‘ಇಂಥವರ ಮನೆ’ ಅಂತಲೇ ಕರೆಯುತ್ತಾರೆ. ಹಾಗಾಗಿ ಅದೇ ಸಹಜ ಅನ್ನಿಸಿತ್ತು.

ಕಾನೂನು ಹಾಗೆ ಹೇಳುವುದಿಲ್ಲ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ 13ನೇ ಸೆಕ್ಷನ್ ತೆಗೆದು ನೋಡಿ. ಅರ್ಹ ಕುಟುಂಬದಲ್ಲಿ 18 ವರ್ಷಕ್ಕೆ ಕಡಿಮೆಯಿಲ್ಲದ ಅತಿ ಹಿರಿಯ ಮಹಿಳೆಯೇ ಪಡಿತರ ಚೀಟಿಯ ಮಟ್ಟಿಗೆ ಕುಟುಂಬದ ಮುಖ್ಯಸ್ಥೆ. ಮನೆಯಲ್ಲಿ ವಯಸ್ಕ ಹೆಣ್ಣುಮಕ್ಕಳಿಲ್ಲದೆ 18 ತುಂಬದ ಹುಡುಗಿಯಷ್ಟೇ ಇದ್ದರೆ ಹಿರಿಯ ಗಂಡಸು ಮುಖ್ಯಸ್ಥ. ಆ ಹುಡುಗಿಗೆ 18 ತುಂಬಿದಾಗ ಅವನ ಜಾಗಕ್ಕೆ ಅವಳು ಬರುತ್ತಾಳೆ.

ಡೇಟಾಬೇಸ್ ಬರೆಯುವವನಿಗೆ ಇದಕ್ಕಿಂತ ಸ್ಪಷ್ಟವಾದ ವಿನ್ಯಾಸದ ಸೂಚನೆ ಬೇಕೆ? ಯಜಮಾನಿಕೆ ಅನ್ನುವುದು ಒಂದು ಪಾತ್ರ. ಸಾವಿನಿಂದ, ಹುಟ್ಟುಹಬ್ಬದಿಂದ ಅದು ಕೈ ಬದಲಿಸುತ್ತದೆ. ಕುಟುಂಬ ಮುಂದುವರಿಯುತ್ತದೆ. ಅಂದರೆ ಪೇರೆಂಟ್ ಆಗಬೇಕಾದ್ದು ಕುಟುಂಬ, ಯಜಮಾನಿಯೂ ಉಳಿದವರಂತೆ ಒಬ್ಬ ಸದಸ್ಯೆ. ಅತ್ತೆ ತೀರಿಕೊಂಡ ದಿನ ಕಾಯ್ದೆಯ ಲೆಕ್ಕದಲ್ಲಿ ನನ್ನ ಮುಂದೆ ನಿಂತಿದ್ದ ಸೊಸೆಯೇ ಯಜಮಾನಿ ಆಗಬೇಕಿತ್ತು. ನನ್ನ ಕೋಡ್ ಆಕೆಯನ್ನು ಅದೇ ಕಾರಣಕ್ಕೆ ಅಳಿಸಿ ಹಾಕಿತ್ತು.

ಕರ್ನಾಟಕದಲ್ಲಿ ಈ ಪಾತ್ರಕ್ಕೆ ಹಣದ ಬೆಲೆಯೂ ಇದೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿ ಹೋಗುವುದು ಪಡಿತರ ಚೀಟಿಯಲ್ಲಿ ಯಜಮಾನಿ ಅಂತ ದಾಖಲಾದ ಮಹಿಳೆಗೆ. ಕಾಲಂನಲ್ಲಿ ಯಾರ ಹೆಸರಿದೆ ಅನ್ನುವುದು ಬರೀ ಗೌರವದ ಮಾತಲ್ಲ.

ಮೊಟ್ಟೆ ಮೊದಲಾ, ಕೋಳಿ ಮೊದಲಾ?

ಹಾಗಾದರೆ ಯಜಮಾನಿ ಯಾರು ಅನ್ನುವುದನ್ನು ಎಲ್ಲಿ ಬರೆಯುವುದು? ಕುಟುಂಬದ ಸಾಲಿನಲ್ಲಿ ‘ಯಜಮಾನಿಯ ಸದಸ್ಯ ಸಂಖ್ಯೆ’ ಅಂತ ಕಾಲಂ ಇಡಬಹುದು. ಆಗೊಂದು ಸಿಕ್ಕು: ಸದಸ್ಯೆಯನ್ನು ಸೇರಿಸಲು ಮೊದಲು ಕುಟುಂಬ ಇರಬೇಕು, ಕುಟುಂಬವನ್ನು ಸೇರಿಸಲು ಮೊದಲು ಯಜಮಾನಿಯಾದ ಸದಸ್ಯೆ ಇರಬೇಕು. ಎರಡೂ ಕಾಲಂ ಖಾಲಿ ಬಿಡುವಂತಿಲ್ಲ ಅಂತ ನಿಯಮ ಹಾಕಿದ್ದರೆ ಯಾವುದನ್ನೂ ಸೇರಿಸಲಾಗದು. ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸ್‌ಗಳಲ್ಲಿ ಫಾರಿನ್ ಕೀ ಪರಿಶೀಲನೆಯನ್ನು ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮುಂದೂಡಬಹುದು. ಎರಡು ಸಾಲನ್ನೂ ಹಾಕಿ, ಕೊನೆಗೆ ಒಟ್ಟಿಗೆ ಲೆಕ್ಕ ಒಪ್ಪಿಸಿದರಾಯಿತು.

ನಾನು ಆರಿಸಿಕೊಂಡಿದ್ದು ಮೂರನೇ ಟೇಬಲ್. ಹೆಸರು ‘ಯಜಮಾನಿಕೆ’. ಅದರಲ್ಲಿ ಕುಟುಂಬ ಸಂಖ್ಯೆ, ಸದಸ್ಯ ಸಂಖ್ಯೆ, ಯಾವಾಗಿನಿಂದ, ಯಾವಾಗಿನವರೆಗೆ. ಒಂದು ಕುಟುಂಬಕ್ಕೆ ‘ಯಾವಾಗಿನವರೆಗೆ’ ಖಾಲಿ ಇರುವ ಸಾಲು ಒಂದಕ್ಕಿಂತ ಹೆಚ್ಚು ಇರಕೂಡದು ಅಂತ ಡೇಟಾಬೇಸ್‌ನಲ್ಲೇ ನಿಯಮ. ಅತ್ತೆಯ ಸಾಲಿಗೆ ಕೊನೆಯ ದಿನಾಂಕ ಬೀಳುತ್ತದೆ, ಸೊಸೆಯ ಹೊಸ ಸಾಲು ಶುರುವಾಗುತ್ತದೆ. ಏನೂ ಅಳಿಯುವುದಿಲ್ಲ.

ಇದರಿಂದ ಇನ್ನೊಂದು ಲಾಭ ಸಿಕ್ಕಿತು. ಕಾಯ್ದೆಯ ಪ್ರಕಾರ ಯಜಮಾನಿ ಯಾರಾಗಬೇಕು ಅನ್ನುವುದನ್ನು ಹುಟ್ಟಿದ ದಿನಾಂಕಗಳಿಂದ ಲೆಕ್ಕ ಹಾಕಬಹುದು. ಕಾರ್ಡಿನಲ್ಲಿ ಯಾರಿದ್ದಾರೆ ಅನ್ನುವುದು ದಾಖಲೆ. ಇವೆರಡನ್ನೂ ಒಂದೇ ಕಾಲಂನಲ್ಲಿ ತುರುಕಬೇಡಿ. ಎರಡರ ನಡುವಿನ ವ್ಯತ್ಯಾಸದ ಪಟ್ಟಿಯೇ ಮುಂದಿನ ಶಿಬಿರಕ್ಕೆ ಯಾರನ್ನು ಕರೆತರಬೇಕು ಅನ್ನುವ ಪಟ್ಟಿ. ಅಪ್ಪ-ಮಗಳು ಇಬ್ಬರೇ ಇರುವ ಮನೆಯಲ್ಲಿ ಮಗಳಿಗೆ 18 ತುಂಬಿದ ದಿನ ಅವಳ ಹೆಸರು ಈ ಪಟ್ಟಿಗೆ ತಾನಾಗಿ ಬರುತ್ತದೆ.

ಎರಡನೇ ತಪ್ಪು: ಕ್ಯಾಸ್ಕೇಡ್

ಪೇರೆಂಟ್ ಸಾಲನ್ನು ಅಳಿಸಿದರೆ ಚೈಲ್ಡ್ ಸಾಲುಗಳ ಗತಿ ಏನು? ಮುಖ್ಯವಾಗಿ ಮೂರು ಉತ್ತರಗಳಿವೆ.

ಒಂದು, ಕ್ಯಾಸ್ಕೇಡ್. ತಾಯಿ ಸಾಲಿನ ಜೊತೆ ಮಕ್ಕಳ ಸಾಲುಗಳೂ ಅಳಿಯುತ್ತವೆ. ಮಕ್ಕಳಿಗೆ ಮತ್ತೆ ಮಕ್ಕಳಿದ್ದರೆ ಅವೂ ಹೋಗುತ್ತವೆ.

ಎರಡು, ರಿಸ್ಟ್ರಿಕ್ಟ್. ಮಕ್ಕಳಿರುವವರೆಗೆ ತಾಯಿಯನ್ನು ಅಳಿಸಲು ಬಿಡುವುದಿಲ್ಲ, ಎರರ್ ಕೊಡುತ್ತದೆ.

ಮೂರು, ಸೆಟ್ ನಲ್. ಮಕ್ಕಳು ಉಳಿಯುತ್ತಾರೆ, ಅವರ ಬೆರಳು ಮಾತ್ರ ಖಾಲಿಯಾಗುತ್ತದೆ.

ಯಾವುದು ಸರಿ ಅನ್ನುವುದು ಟೇಬಲ್‌ನಿಂದ ಗೊತ್ತಾಗುವುದಿಲ್ಲ, ಬದುಕಿನಿಂದ ಗೊತ್ತಾಗಬೇಕು. ನಾನು ಹಾಕಿಕೊಳ್ಳುವ ಪ್ರಶ್ನೆ ಒಂದೇ: ತಾಯಿ ಇಲ್ಲದೆ ಈ ಮಗುವಿಗೆ ಅರ್ಥವಿದೆಯೇ? ಅಂಗಡಿ ಬಿಲ್ಲಿನ ಒಂದು ಸಾಲು, ‘ಸಕ್ಕರೆ 1 ಕೆ.ಜಿ.’, ಬಿಲ್ಲೇ ಇಲ್ಲದಿದ್ದರೆ ಅದಕ್ಕೆ ಅರ್ಥವಿಲ್ಲ. ಇನ್ನೂ ಕೊಡದ ಕರಡು ಬಿಲ್ಲನ್ನು ಅಳಿಸುವಾಗ ಅಲ್ಲಿ ಕ್ಯಾಸ್ಕೇಡ್ ಸರಿ. ಆದರೆ ಮನುಷ್ಯರು ಬಿಲ್ಲಿನ ಸಾಲುಗಳಲ್ಲ. ಕಾರ್ಡ್ ರದ್ದಾದರೂ ಮನೆಯವರು ಇರುತ್ತಾರೆ, ಹಸಿವೂ ಇರುತ್ತದೆ.

ಈ ಉತ್ತರಗಳನ್ನು ಎರಡು ಕಡೆ ಬರೆಯಬಹುದು ಅನ್ನುವುದೇ ಗೊಂದಲದ ಮೂಲ. ಡೇಟಾಬೇಸ್‌ನ ಫಾರಿನ್ ಕೀಯಲ್ಲೂ ಬರೆಯಬಹುದು, ಒಆರ್‌ಎಂನಲ್ಲೂ ಬರೆಯಬಹುದು. ಎರಡೂ ಕಡೆ ಬೇರೆಬೇರೆ ಉತ್ತರವಿದ್ದರೆ, ಆ್ಯಪ್ ಮೂಲಕ ಅಳಿಸಿದಾಗ ಒಂದು ಫಲ, ಯಾರೋ ನೇರವಾಗಿ ಡೇಟಾಬೇಸ್ ತೆರೆದು ಅಳಿಸಿದಾಗ ಇನ್ನೊಂದು ಫಲ. ಒಂದೊಂದು ಒಆರ್‌ಎಂ ಸ್ವಭಾವವೂ ಬೇರೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಏನೂ ಹೇಳದೆ ಪೇರೆಂಟ್ ಅಳಿಸಿದರೆ ಅದು ಮಕ್ಕಳ ಫಾರಿನ್ ಕೀಯನ್ನು ಖಾಲಿ ಮಾಡಲು ಹೋಗುತ್ತದೆ, ಆ ಕಾಲಂ ಖಾಲಿ ಇರುವಂತಿಲ್ಲ ಅಂತಿದ್ದರೆ ಎರರ್ ಬರುತ್ತದೆ. ಜಾಂಗೋದಲ್ಲಿ ಮೊದಲು ಏನೂ ಹೇಳದಿದ್ದರೆ ಕ್ಯಾಸ್ಕೇಡ್ ಅಂತಲೇ ಆಗುತ್ತಿತ್ತು. 2017ರ ಡಿಸೆಂಬರ್‌ನಲ್ಲಿ ಬಂದ 2.0 ಆವೃತ್ತಿಯಿಂದ, ಅಳಿಸಿದರೆ ಏನಾಗಬೇಕು ಅನ್ನುವುದನ್ನು ಬರೆಯಲೇಬೇಕು ಅಂತ ಕಡ್ಡಾಯ ಮಾಡಿದರು. ನನಗೆ ಅದು ತುಂಬ ಹಿಡಿಸಿದ ಬದಲಾವಣೆ. ಮೌನವನ್ನು ಒಪ್ಪಿಗೆ ಅಂತ ತಿಳಿಯಬಾರದು ಅನ್ನುವುದು ರಾಜಕೀಯದಲ್ಲಷ್ಟೇ ಅಲ್ಲ, ಕೋಡ್‌ನಲ್ಲೂ ಒಳ್ಳೆಯ ನಿಯಮ. ಆದರೆ ಕಡ್ಡಾಯ ಮಾಡಿದ ಮಾತ್ರಕ್ಕೆ ಯೋಚಿಸುತ್ತೇವೆ ಅಂತಿಲ್ಲ. ನಾನು ಅಭ್ಯಾಸಬಲದಿಂದ ಕ್ಯಾಸ್ಕೇಡ್ ಅಂತ ಟೈಪ್ ಮಾಡಿ ಮುಂದೆ ಹೋಗಿದ್ದೆ.

ಮದುವೆಯಾಗಿ ಹೋದ ಮಗಳು ‘ಅನಾಥ ಸಾಲು’

ಕ್ಯಾಸ್ಕೇಡ್‌ಗೆ ಒಬ್ಬ ತಮ್ಮ ಇದ್ದಾನೆ, ಅವನು ಇನ್ನೂ ಅಪಾಯಕಾರಿ. ಹೈಬರ್ನೇಟ್ ಮತ್ತು ಜಾವಾದ ಜೆಪಿಎಯಲ್ಲಿ ಇದರ ಹೆಸರು ಆರ್ಫನ್ ರಿಮೂವಲ್, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಡಿಲೀಟ್ ಆರ್ಫನ್. ಪೇರೆಂಟ್ ಅಳಿಯಬೇಕೆಂದೇ ಇಲ್ಲ. ಪೇರೆಂಟ್‌ನ ಪಟ್ಟಿಯಿಂದ ಒಬ್ಬರನ್ನು ತೆಗೆದರೆ ಸಾಕು, ‘ಇದು ಅನಾಥ ಸಾಲು’ ಅಂತ ತೀರ್ಮಾನಿಸಿ ಅದನ್ನು ಡೇಟಾಬೇಸ್‌ನಿಂದಲೇ ಅಳಿಸುತ್ತದೆ.

ಮಗಳಿಗೆ ಮದುವೆಯಾಯಿತು ಅಂದುಕೊಳ್ಳಿ. ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕು. ಕೋಡ್‌ನಲ್ಲಿ ಇದು ಎರಡು ಹೆಜ್ಜೆ: ಹಳೆ ಪಟ್ಟಿಯಿಂದ ತೆಗೆ, ಹೊಸ ಪಟ್ಟಿಗೆ ಸೇರಿಸು. ಮೊದಲ ಹೆಜ್ಜೆಯಾದ ಕೂಡಲೇ ಸೇವ್ ಆಗಿಬಿಟ್ಟರೆ ಅವಳ ಸಾಲು ಅಳಿಯುತ್ತದೆ. ಎರಡನೇ ಹೆಜ್ಜೆಗೆ ಸೇರಿಸಲು ಅವಳೇ ಇಲ್ಲ. ತವರಿನವಳೂ ಅಲ್ಲ, ಗಂಡನ ಮನೆಯವಳೂ ಅಲ್ಲ. ಸಮಾಜದಲ್ಲಿ ಹೆಣ್ಣುಮಕ್ಕಳಿಗೆ ಆಗುವುದನ್ನೇ ನಾವು ಸಾಫ್ಟ್‌ವೇರ್‌ಗೂ ಕಲಿಸಿದಂತಾಯಿತು.

ಸದಸ್ಯರ ಟೇಬಲ್‌ಗೆ ಆರ್ಫನ್ ರಿಮೂವಲ್ ಹಾಕಲೇಬಾರದು. ಜೊತೆಗೆ ‘ವರ್ಗಾಯಿಸು’ ಅನ್ನುವ ಒಂದೇ ಮೆಥಡ್ ಬರೆದು, ತೆಗೆಯುವುದು ಮತ್ತು ಸೇರಿಸುವುದು ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಮಾಡಿ. ಆದರೆ ಎರಡೂ ಆಗಬೇಕು, ಇಲ್ಲಾಂದ್ರೆ ಎರಡೂ ಆಗಬಾರದು. ನಡುವೆ ಕರೆಂಟ್ ಹೋದರೂ ಅವಳು ಎರಡರಲ್ಲಿ ಒಂದು ಮನೆಯಲ್ಲಿ ಇದ್ದೇ ಇರುತ್ತಾಳೆ.

‘ಪೇರೆಂಟ್’ ಪದಕ್ಕೆ ಎರಡನೇ ಅರ್ಥ

ಇಲ್ಲಿಯವರೆಗೆ ಹೇಳಿದ್ದು ‘ಒಳಗೊಂಡಿರುವ’ ಸಂಬಂಧ: ಕುಟುಂಬದೊಳಗೆ ಸದಸ್ಯರು. ಕೋಡ್‌ನಲ್ಲಿ ಪೇರೆಂಟ್ ಅನ್ನುವ ಪದಕ್ಕೆ ಇನ್ನೊಂದು ಅರ್ಥವಿದೆ, ಇನ್‌ಹೆರಿಟೆನ್ಸ್. ಹೊಸಬರು ಇವೆರಡನ್ನೂ ಕಲಸಿಕೊಳ್ಳುತ್ತಾರೆ. ಪರೀಕ್ಷೆ ಸರಳ. ‘ಅಂತ್ಯೋದಯ ಕುಟುಂಬವೂ ಒಂದು ಕುಟುಂಬವೇ’ ಅನ್ನುವ ಮಾತು ಸರಿ, ಹಾಗಾಗಿ ಅದು ಇನ್‌ಹೆರಿಟೆನ್ಸ್‌ಗೆ ಒಗ್ಗುತ್ತದೆ. ‘ಸೊಸೆಯೂ ಒಂದು ಕುಟುಂಬವೇ’ ಅನ್ನಲಾಗದು, ಅವಳು ಕುಟುಂಬದೊಳಗಿರುವವಳು.

ಆಹಾರ ಭದ್ರತಾ ಕಾಯ್ದೆಯೇ ಇಲ್ಲಿ ಒಳ್ಳೆಯ ಉದಾಹರಣೆ ಕೊಡುತ್ತದೆ. ಆದ್ಯತಾ ಕುಟುಂಬಕ್ಕೆ ತಲೆಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಅಂತ್ಯೋದಯ ಕುಟುಂಬಕ್ಕೆ ತಲೆ ಎಷ್ಟೇ ಇರಲಿ, ಮನೆಗೆ 35 ಕೆ.ಜಿ. ‘ಎಷ್ಟು ಧಾನ್ಯ?’ ಅನ್ನುವ ಒಂದೇ ಪ್ರಶ್ನೆಗೆ ಎರಡು ಬಗೆಯ ಕುಟುಂಬ ಎರಡು ರೀತಿ ಉತ್ತರಿಸುತ್ತವೆ. ಒಂದು ಕಡೆ ಸದಸ್ಯರನ್ನು ಎಣಿಸಿ 5ರಿಂದ ಗುಣಿಸಬೇಕು, ಇನ್ನೊಂದು ಕಡೆ ಎಣಿಸುವ ಅಗತ್ಯವೇ ಇಲ್ಲ.

ಹಾಗಾಗಿ ಒಂದು ಸಾಲು ಕಳೆದುಹೋಗುವುದರ ಬೆಲೆಯೂ ಬೇರೆಬೇರೆ. ಅಂತ್ಯೋದಯ ಕಾರ್ಡಿನಲ್ಲಿ ಒಂದು ಮಗುವಿನ ಹೆಸರು ಬಿಟ್ಟುಹೋದರೆ ಧಾನ್ಯ ಕಡಿಮೆಯಾಗದು. ಆದ್ಯತಾ ಕಾರ್ಡಿನಲ್ಲಿ ಬಿಟ್ಟುಹೋದರೆ ಪ್ರತಿ ತಿಂಗಳೂ 5 ಕೆ.ಜಿ. ಹೋಯಿತು. ನಮ್ಮ ಪಟ್ಟಿಯಿಂದ ಅಳಿದ ನಾಲ್ವರದು ತಿಂಗಳಿಗೆ 20 ಕೆ.ಜಿ.ಯ ಮಾತು.

ಇಂಥ ತಾಯಿ-ಮಗು ಕ್ಲಾಸ್‌ಗಳನ್ನು ಟೇಬಲ್‌ಗೆ ಇಳಿಸಲು ಮೂರು ದಾರಿಗಳಿವೆ. ಮಾರ್ಟಿನ್ ಫೌಲರ್ 2002ರ ತಮ್ಮ ಪುಸ್ತಕದಲ್ಲಿ ಇವುಗಳಿಗೆ ಕೊಟ್ಟ ಹೆಸರುಗಳೇ ಇವತ್ತಿಗೂ ಚಾಲ್ತಿಯಲ್ಲಿವೆ.

ಸಿಂಗಲ್ ಟೇಬಲ್: ಎಲ್ಲ ಬಗೆಯ ಕುಟುಂಬಗಳೂ ಒಂದೇ ಟೇಬಲ್‌ನಲ್ಲಿ, ‘ಬಗೆ’ ಅಂತ ಒಂದು ಕಾಲಂ. ಹುಡುಕುವುದು ಸುಲಭ. ಆದರೆ ಒಂದು ಬಗೆಗೆ ಮಾತ್ರ ಬೇಕಾದ ಕಾಲಂಗಳು ಉಳಿದವರಿಗೆ ಖಾಲಿ ಉಳಿಯುತ್ತವೆ, ‘ಇದು ಖಾಲಿ ಇರಕೂಡದು’ ಅನ್ನುವ ನಿಯಮ ಹಾಕುವುದು ತ್ರಾಸದ ಕೆಲಸ.

ಕ್ಲಾಸ್ ಟೇಬಲ್: ಎಲ್ಲರಿಗೂ ಸಮಾನವಾದದ್ದು ಪೇರೆಂಟ್ ಟೇಬಲ್‌ನಲ್ಲಿ, ವಿಶೇಷವಾದದ್ದು ಚೈಲ್ಡ್ ಟೇಬಲ್‌ನಲ್ಲಿ. ಚೈಲ್ಡ್‌ನ ಪ್ರೈಮರಿ ಕೀಯೇ ಪೇರೆಂಟ್‌ನತ್ತ ತೋರಿಸುವ ಬೆರಳು. ಅಚ್ಚುಕಟ್ಟು, ಆದರೆ ಒಂದು ಕುಟುಂಬದ ಪೂರ್ತಿ ವಿವರಕ್ಕೆ ಎರಡು ಟೇಬಲ್ ಜೋಡಿಸಬೇಕು.

ಕಾಂಕ್ರೀಟ್ ಟೇಬಲ್: ಪ್ರತಿ ಬಗೆಗೂ ಪೂರ್ತಿ ಪ್ರತ್ಯೇಕ ಟೇಬಲ್. ‘ಒಟ್ಟು ಕುಟುಂಬಗಳೆಷ್ಟು?’ ಅಂತ ಕೇಳಿದರೆ ಎಲ್ಲ ಟೇಬಲ್ ಸುತ್ತಿ ಬರಬೇಕು. ಸದಸ್ಯರ ಫಾರಿನ್ ಕೀ ಯಾವ ಟೇಬಲ್‌ನತ್ತ ಬೆರಳು ತೋರಿಸಬೇಕು ಅನ್ನುವುದಕ್ಕೂ ನೇರ ಉತ್ತರವಿಲ್ಲ.

ಇವುಗಳಲ್ಲಿ ಯಾವುದು ಒಳ್ಳೆಯದು? ನನ್ನ ಉತ್ತರ: ರೇಷನ್ ಕಾರ್ಡಿಗೆ ಇನ್‌ಹೆರಿಟೆನ್ಸೇ ಬೇಡ. ಸಾಮಾನ್ಯವಾಗಿ ಒಂದು ಆಬ್ಜೆಕ್ಟ್ ಯಾವ ಕ್ಲಾಸಿನಲ್ಲಿ ಹುಟ್ಟುತ್ತದೋ ಅದರಲ್ಲೇ ಸಾಯುತ್ತದೆ. ಮನುಷ್ಯರ ಪರಿಸ್ಥಿತಿ ಹಾಗಲ್ಲ. ಆದ್ಯತಾ ಕುಟುಂಬ ನಾಳೆ ಅಂತ್ಯೋದಯಕ್ಕೆ ಅರ್ಹವಾಗಬಹುದು. ಆಗ ಹಳೆಯ ಆಬ್ಜೆಕ್ಟ್ ಕೊಂದು ಹೊಸದು ಹುಟ್ಟಿಸಬೇಕಾಗುತ್ತದೆ, ಆ ಗಲಾಟೆಯಲ್ಲಿ ಸದಸ್ಯರು ಕಳೆದುಹೋಗುತ್ತಾರೆ. ಹುಟ್ಟಿದಾಗಿನ ವರ್ಗವನ್ನು ಬದಲಿಸಲು ಬಿಡದ ವ್ಯವಸ್ಥೆ ನಮಗೆ ಹೊಸದಲ್ಲ, ಅದನ್ನು ಕೋಡ್‌ನಲ್ಲೂ ಕಟ್ಟುವ ಅಗತ್ಯವಿಲ್ಲ. ಕುಟುಂಬ ಒಂದೇ ಕ್ಲಾಸ್ ಆಗಿರಲಿ. ‘ಕಾರ್ಡ್ ಬಗೆ’ ದಿನಾಂಕ ಸಹಿತ ಬದಲಾಗುವ ಮಾಹಿತಿಯಾಗಿರಲಿ. ಧಾನ್ಯದ ಲೆಕ್ಕ ಹಾಕುವ ನಿಯಮವನ್ನು ಪ್ರತ್ಯೇಕವಾಗಿ ಬರೆಯಿರಿ.

ಎಣಿಸುವಾಗ ಆಗುವ ಅನಾಹುತ

ಇನ್ನು ಓದುವ ಕಡೆಯ ಸಮಸ್ಯೆಗಳು. 500 ಕುಟುಂಬಗಳ ಪಟ್ಟಿ ತೋರಿಸಬೇಕು, ಪ್ರತಿ ಕುಟುಂಬದ ಸದಸ್ಯರ ಜೊತೆಗೆ. ಒಆರ್‌ಎಂ ಮೊದಲು ಒಂದು ಕ್ವೆರಿಯಲ್ಲಿ ಕುಟುಂಬಗಳನ್ನು ತರುತ್ತದೆ. ಆಮೇಲೆ ಒಂದೊಂದು ಕುಟುಂಬದ ಪಟ್ಟಿ ಮುಟ್ಟಿದಾಗಲೂ ಸದಸ್ಯರಿಗಾಗಿ ಮತ್ತೊಂದು ಕ್ವೆರಿ. ಒಟ್ಟು 501. ಇದನ್ನು ‘ಎನ್ ಪ್ಲಸ್ ಒನ್’ ಸಮಸ್ಯೆ ಅನ್ನುತ್ತಾರೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಐದು ಮನೆಗಳ ಡೇಟಾ ಇಟ್ಟು ಪರೀಕ್ಷಿಸಿದರೆ ಗೊತ್ತೇ ಆಗುವುದಿಲ್ಲ, ಜನ ಸಾಲಿನಲ್ಲಿ ನಿಂತ ದಿನವೇ ಗೊತ್ತಾಗುವುದು. ಸದಸ್ಯರನ್ನೂ ಮೊದಲೇ ಒಟ್ಟಿಗೆ ತಾ ಅಂತ ಒಆರ್‌ಎಂಗೆ ಹೇಳಿದರೆ ಎರಡೇ ಕ್ವೆರಿಯಲ್ಲಿ ಕೆಲಸ ಮುಗಿಯುತ್ತದೆ.

ಇದಕ್ಕಿಂತ ಗಂಭೀರವಾದದ್ದು ಎಣಿಕೆಯ ತಪ್ಪು. ಎರಡು ಟೇಬಲ್ ಜೋಡಿಸಿದಾಗ ಪೇರೆಂಟ್ ಸಾಲು ಮಕ್ಕಳಷ್ಟು ಸಲ ಮರುಕಳಿಸುತ್ತದೆ. 100 ಅಂತ್ಯೋದಯ ಮನೆಗಳು, ಮನೆಗೆ ನಾಲ್ವರು ಅಂದುಕೊಳ್ಳಿ. ಬೇಕಾದ ಧಾನ್ಯ 3,500 ಕೆ.ಜಿ. ಜೋಡಿಸಿದ ಸಾಲುಗಳು 400. ಅವುಗಳ ಮೇಲೆ ತಲಾ 35 ಕೂಡಿಸುತ್ತಾ ಹೋದರೆ 14,000 ಕೆ.ಜಿ. ಇದು ಕಾಗದದ ಮೇಲೆ ‘ಸೋರಿಕೆ’ಯಂತೆ ಕಂಡು ಯಾರನ್ನೋ ಕಳ್ಳ ಮಾಡಬಹುದು.

ಉಲ್ಟಾ ತಪ್ಪೂ ಇದೆ. ಇನ್ನರ್ ಜಾಯಿನ್‌ನಲ್ಲಿ ಜೋಡಿ ಸಿಗದ ಸಾಲುಗಳು ಬಿದ್ದುಹೋಗುತ್ತವೆ. ಸದಸ್ಯರ ವಿವರ ಇನ್ನೂ ದಾಖಲಾಗದ ಕುಟುಂಬ, ಅಂದರೆ ನಮ್ಮ ನೆರವು ಎಲ್ಲರಿಗಿಂತ ಹೆಚ್ಚು ಬೇಕಾದ ಕುಟುಂಬವೇ ವರದಿಯಲ್ಲಿ ಕಾಣುವುದಿಲ್ಲ. ಲೆಫ್ಟ್ ಜಾಯಿನ್ ಬಳಸಿದರೆ ಅಂಥ ಕುಟುಂಬ ಖಾಲಿ ಸದಸ್ಯರೊಂದಿಗೆ ಪಟ್ಟಿಯಲ್ಲಿ ಉಳಿಯುತ್ತದೆ. ಬಿಟ್ಟುಹೋದವರನ್ನು ಹುಡುಕುವ ಯಾವ ವರದಿಗೂ ಇದೇ ಸರಿಯಾದ ಶುರು.

ಯಾರಾದರೂ ಡೇಟಾಬೇಸ್ ಕಟ್ಟುತ್ತಿದ್ದರೆ ಕೇಳಬೇಕಾದ ಐದು ಪ್ರಶ್ನೆ

ಕೋಡ್ ಬಾರದವರೂ ಇವನ್ನು ಕೇಳಬಹುದು. ಸಂಘಟನೆಯ ಸರ್ವೆ ಆ್ಯಪ್ ಇರಲಿ, ಸರ್ಕಾರದ ಯೋಜನೆ ಇರಲಿ.

1. ಇಲ್ಲಿ ಪೇರೆಂಟ್ ಯಾರು? ಒಬ್ಬ ವ್ಯಕ್ತಿಯಾ, ಅಥವಾ ಕುಟುಂಬ, ಕಾರ್ಡ್‌ನಂಥ ಘಟಕವಾ? ವ್ಯಕ್ತಿಯಾದರೆ ಆ ವ್ಯಕ್ತಿ ತೀರಿಕೊಂಡ ದಿನ ಉಳಿದವರ ಗತಿ ಏನು?

2. ಪೇರೆಂಟ್ ಅಳಿದರೆ ಚೈಲ್ಡ್ ಸಾಲುಗಳಿಗೆ ಏನಾಗುತ್ತದೆ? ಡೇಟಾಬೇಸ್‌ನಲ್ಲೂ ಕೋಡ್‌ನಲ್ಲೂ ಉತ್ತರ ಒಂದೇನಾ?

3. ಒಬ್ಬ ವ್ಯಕ್ತಿ ಒಂದು ಕುಟುಂಬದಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲಿಯೂ ಇಲ್ಲದ ಕ್ಷಣ ಒಂದಾದರೂ ಇದೆಯಾ?

4. ಸಾಲು ಅಳಿಯುತ್ತದಾ, ಅಥವಾ ಕೊನೆಯ ದಿನಾಂಕ ಬೀಳುತ್ತದಾ? ಕಾರಣ ಬರೆಯಲು ಕಾಲಂ ಇದೆಯಾ?

5. ವರದಿಯಲ್ಲಿ ಎಣಿಸಿದ್ದು ಕುಟುಂಬಗಳನ್ನಾ, ಜೋಡಿಸಿದ ಸಾಲುಗಳನ್ನಾ?

ನಾಲ್ಕನೇ ಪ್ರಶ್ನೆ ಬಗ್ಗೆ ಎರಡು ಮಾತು. ಮಾಹಿತಿ ಹಕ್ಕು ಕಾಯ್ದೆ, 2005ರ 4ನೇ ಸೆಕ್ಷನ್ ಪ್ರಕಾರ ಆಡಳಿತಾತ್ಮಕ ನಿರ್ಧಾರದಿಂದ ಬಾಧಿತರಾದವರಿಗೆ ಅದರ ಕಾರಣ ಕೊಡುವುದು ಸಾರ್ವಜನಿಕ ಪ್ರಾಧಿಕಾರದ ಹೊಣೆ. ಸಾಲೇ ಅಳಿದುಹೋದ ಮೇಲೆ ಕಾರಣ ಎಲ್ಲಿಂದ ತರುತ್ತೀರಿ? ಹಾಗಂತ ಎಲ್ಲವನ್ನೂ ಎಂದೆಂದಿಗೂ ಇಟ್ಟುಕೊಳ್ಳುವುದೂ ಸರಿಯಲ್ಲ. ತನ್ನ ಮಾಹಿತಿಯನ್ನು ತಿದ್ದಿಸುವ, ಅಳಿಸುವ ಹಕ್ಕನ್ನು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023 ಗುರುತಿಸುತ್ತದೆ. ವ್ಯತ್ಯಾಸ ಇಷ್ಟೇ: ತಾನೇ ಕೇಳಿ ಅಳಿಸಿಕೊಳ್ಳುವುದು ಹಕ್ಕು, ಇನ್ನೊಬ್ಬರ ಜೊತೆಗೆ ಗೊತ್ತಿಲ್ಲದೆ ಅಳಿದುಹೋಗುವುದು ಅನ್ಯಾಯ.

ನಮ್ಮ ಪ್ರೋಗ್ರಾಂನಲ್ಲಿ ಈಗ ‘ಅಳಿಸು’ ಬಟನ್ ಇಲ್ಲ. ಆ ಜಾಗದಲ್ಲಿ ‘ತೀರಿಕೊಂಡರು’, ‘ಬೇರೆ ಮನೆಗೆ ಹೋದರು’, ‘ತಪ್ಪಾಗಿ ಸೇರಿತ್ತು’ ಅಂತ ಮೂರು ಆಯ್ಕೆಗಳಿವೆ. ಮೊದಲನೆಯದನ್ನು ಒತ್ತಿದರೆ ‘ಈ ಮನೆಗೆ ಈಗ ಯಜಮಾನಿ ಯಾರು?’ ಅಂತ ಅದು ಕೇಳುತ್ತದೆ. ಉತ್ತರ ಕೊಡದೆ ಮುಂದೆ ಹೋಗಲು ಬಿಡುವುದಿಲ್ಲ.

ಆ ಹೆಣ್ಣುಮಗಳ ಮನೆಯ ನಾಲ್ಕು ಸಾಲುಗಳನ್ನು ಹಳೆಯ ಬ್ಯಾಕಪ್‌ನಿಂದ ತಂದು ಸೇರಿಸುವಾಗ ಆಕೆಯನ್ನು ಫೋನಿನಲ್ಲಿ ಕೇಳಿ ಒಂದೊಂದೇ ವಿವರ ಸರಿಮಾಡಿಕೊಂಡೆ. "ಯಜಮಾನಿ ಅಂತ ಯಾರ ಹೆಸ್ರು ಹಾಕ್ಲಿ ಅಕ್ಕಾ?" ಅಂದೆ. ಒಂದು ಗಳಿಗೆ ಸುಮ್ಮನಿದ್ದು, "ನಂದೇ ಹಾಕಪ್ಪ" ಅಂದರು.